ಬ್ಯಾಂಕ್ ಠೇವಣಿ ವಿಮೆ: ಖಾತೆ ಯಾರ ಹೆಸರಿನಲ್ಲಿದೆ, ರಕ್ಷಣೆ ಎಷ್ಟಿದೆ?

(ಗ್ರಾಮ ಪಂಚಾಯಿತಿ ಸದಸ್ಯರ ಮಾಹಿತಿಗಾಗಿ ವಿವರಣಾ ಲೇಖನ)



ಅರಕಲಗೂಡು ತಾಲ್ಲೂಕಿನ ತಂಬಾಕು ಬೆಳೆಗಾರರಿಗೆ ಹರಾಜಿನ ಹಣ, ಚನ್ನರಾಯಪಟ್ಟಣದ ಕಡೆಯ ತೆಂಗು ಬೆಳೆಗಾರರಿಗೆ ಕೊಬ್ಬರಿಯ ಹಣ, ಹಾಸನ ಹಾಗೂ ಹೊಳೆನರಸೀಪುರ ತಾಲ್ಲೂಕುಗಳ ಮನೆಗಳಿಗೆ ಹಾಲಿನ ಬಟವಾಡೆ, ರಸ್ತೆಗೋ ನಾಲೆಗೋ ಜಮೀನು ಬಿಟ್ಟುಕೊಟ್ಟವರಿಗೆ ಭೂಸ್ವಾಧೀನ ಪರಿಹಾರ, ಇವೆಲ್ಲವೂ ಇಂದು ಬಹುಮಟ್ಟಿಗೆ ಬ್ಯಾಂಕ್ ಖಾತೆಯ ಮೂಲಕವೇ ಸಂದಾಯವಾಗುತ್ತಿವೆ. ಹಣ ಬ್ಯಾಂಕಿಗೆ ಬಂದ ಮೇಲೆ ಜನರು ಸದಸ್ಯರನ್ನು ಕೇಳುವ ಪ್ರಶ್ನೆ ಒಂದೇ: "ಬ್ಯಾಂಕ್ ಮುಳುಗಿದರೆ ನಮ್ಮ ಹಣ ಬರುತ್ತದೆಯೇ?" ಇದಕ್ಕೆ ಸಾಮಾನ್ಯವಾಗಿ ದೊರೆಯುವ ಉತ್ತರ, "ಐದು ಲಕ್ಷದವರೆಗೆ ಬರುತ್ತದೆ" ಎಂಬುದು. ಈ ಉತ್ತರ ತಪ್ಪಲ್ಲ. ಆದರೆ ಅರ್ಧ ಮಾತ್ರ. ಐದು ಲಕ್ಷ ಒಂದು ಖಾತೆಗೋ, ಒಬ್ಬ ವ್ಯಕ್ತಿಗೋ, ಒಂದು ಕುಟುಂಬಕ್ಕೋ? ಹದಿನೈದು ಮಂದಿ ಮಹಿಳೆಯರು ಸೇರಿ ಉಳಿಸಿದ ಸಂಘದ ಹಣಕ್ಕೆ ಎಷ್ಟು? ಉಳಿದರ್ಧ ಉತ್ತರ ಖಾತೆಯ ಒಡೆತನದಲ್ಲಿದೆ. ಅದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಒಂದು ಉದಾಹರಣೆಯಿಂದ ವಿಷಯದ ಗಾಂಭೀರ್ಯ ಸ್ಪಷ್ಟವಾಗುತ್ತದೆ. ಪಿತ್ರಾರ್ಜಿತ ಜಮೀನಿನ ಪರಿಹಾರವಾಗಿ ಮೂವರು ಅಣ್ಣತಮ್ಮಂದಿರಿಗೆ 15 ಲಕ್ಷ ರೂಪಾಯಿ ಬಂದಿದೆ ಎಂದು ಭಾವಿಸೋಣ. ಮೂವರೂ ಸೇರಿ ಒಂದೇ ಜಂಟಿ ಖಾತೆಯಲ್ಲಿ ಅದನ್ನು ಇಟ್ಟರೆ, ವಿಮೆಯ ರಕ್ಷಣೆ ದೊರೆಯುವುದು ಒಟ್ಟು 5 ಲಕ್ಷಕ್ಕೆ ಮಾತ್ರ. ತಲಾ 5 ಲಕ್ಷಕ್ಕಲ್ಲ. ಅದೇ ಹಣವನ್ನು ಪಾಲು ಮಾಡಿಕೊಂಡು, ಅದೇ ಬ್ಯಾಂಕಿನಲ್ಲಿ, ಅವರವರ ಸ್ವಂತ ಹೆಸರಿನಲ್ಲಿ ಐದೈದು ಲಕ್ಷದಂತೆ ಇಟ್ಟರೆ, ಮತ್ತು ಅಲ್ಲಿ ಅವರಿಗೆ ಬೇರೆ ಠೇವಣಿ ಇಲ್ಲದಿದ್ದರೆ, ಅಸಲು 15 ಲಕ್ಷವೂ ರಕ್ಷಣೆಯೊಳಗೆ ಬರುತ್ತದೆ. ಬ್ಯಾಂಕ್ ಅದೇ, ಹಣ ಅದೇ. ಬದಲಾದದ್ದು ಒಡೆತನದ ಸ್ವರೂಪ ಮಾತ್ರ.

1. ವಿಮೆ ನೀಡುವವರು ಯಾರು?

1960ರಲ್ಲಿ ಕೇರಳದ ಪಾಲಾಯ್ ಸೆಂಟ್ರಲ್ ಬ್ಯಾಂಕ್ ಕುಸಿದಾಗ ಸಾವಿರಾರು ಠೇವಣಿದಾರರು ಸಂಕಷ್ಟಕ್ಕೆ ಸಿಲುಕಿದರು. ಆ ಅನುಭವದ ಹಿನ್ನೆಲೆಯಲ್ಲಿ 1961ರಲ್ಲಿ ಠೇವಣಿ ವಿಮೆಯ ಕಾನೂನು ರೂಪುಗೊಂಡು, 1962ರ ಜನವರಿ 1ರಿಂದ ಜಾರಿಗೆ ಬಂದಿತು. ಇಂದು ಈ ಹೊಣೆಯನ್ನು ನಿರ್ವಹಿಸುತ್ತಿರುವುದು ಭಾರತೀಯ ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯಾದ ಠೇವಣಿ ವಿಮೆ ಮತ್ತು ಸಾಲ ಖಾತರಿ ನಿಗಮ (ಡಿಐಸಿಜಿಸಿ). ಆರಂಭದಲ್ಲಿ ರಕ್ಷಣೆಯ ಮಿತಿ 1,500 ರೂಪಾಯಿ ಇತ್ತು. ಹಂತ ಹಂತವಾಗಿ ಏರಿ 1993ರಲ್ಲಿ 1 ಲಕ್ಷವಾಯಿತು. 2020ರ ಫೆಬ್ರವರಿ 4ರಿಂದ 5 ಲಕ್ಷವಾಗಿದೆ. ಈ ಮಿತಿಯಲ್ಲಿ ಅಸಲು ಮತ್ತು ಬಡ್ಡಿ ಎರಡೂ ಸೇರಿವೆ. ಅಸಲು 4,95,000, ಬಡ್ಡಿ 4,000 ಇದ್ದರೆ 4,99,000 ಪೂರ್ಣ ದೊರೆಯುತ್ತದೆ. ಅಸಲೇ 5 ಲಕ್ಷವಿದ್ದರೆ ಬಡ್ಡಿಗೆ ರಕ್ಷಣೆ ಇಲ್ಲ.

ವಿಮೆಯ ಪ್ರೀಮಿಯಂ ಪಾವತಿಸುವುದು ಬ್ಯಾಂಕಿನ ಹೊಣೆ. ಅದನ್ನು ಠೇವಣಿದಾರರಿಂದ ವಸೂಲು ಮಾಡುವಂತಿಲ್ಲ. ಠೇವಣಿದಾರರು ಪ್ರತ್ಯೇಕ ಅರ್ಜಿ ಹಾಕಿ ವಿಮೆ ಮಾಡಿಸಬೇಕಾಗಿಯೂ ಇಲ್ಲ. "ಠೇವಣಿ ವಿಮೆ ಮಾಡಿಸಿಕೊಡುತ್ತೇನೆ" ಎಂದು ಯಾರಾದರೂ ಹಣ ಕೇಳಿದರೆ ಅದು ವಂಚನೆ ಎಂದೇ ತಿಳಿಯಬೇಕು.

2. ಮೊದಲ ಪ್ರಶ್ನೆ: ಹಣ ಇಟ್ಟಿರುವ ಸಂಸ್ಥೆ ಬ್ಯಾಂಕ್ ಹೌದೇ?

ಒಡೆತನದ ಲೆಕ್ಕಕ್ಕೆ ಹೋಗುವ ಮುನ್ನ ಈ ಪ್ರಶ್ನೆ ಇತ್ಯರ್ಥವಾಗಬೇಕು. ಸರ್ಕಾರಿ ಮತ್ತು ಖಾಸಗಿ ವಾಣಿಜ್ಯ ಬ್ಯಾಂಕುಗಳು, ಗ್ರಾಮೀಣ ಬ್ಯಾಂಕುಗಳು, ಕಿರು ಹಣಕಾಸು ಬ್ಯಾಂಕುಗಳು, ಪೇಮೆಂಟ್ಸ್ ಬ್ಯಾಂಕುಗಳು, ರಾಜ್ಯ ಸಹಕಾರಿ ಬ್ಯಾಂಕ್, ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕುಗಳು ಮತ್ತು ಪಟ್ಟಣ ಸಹಕಾರಿ ಬ್ಯಾಂಕುಗಳು ಈ ವಿಮೆಯ ವ್ಯಾಪ್ತಿಗೆ ಬರುತ್ತವೆ.

ವ್ಯಾಪ್ತಿಗೆ ಬಾರದವು: ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳು, ಇತರ ಪತ್ತಿನ ಸಹಕಾರ ಸಂಘಗಳು, ಸೌಹಾರ್ದ ಕಾನೂನಿನಡಿ ನೋಂದಾಯಿಸಿದ ಪತ್ತಿನ ಸಹಕಾರಿಗಳು. ಇವುಗಳಲ್ಲಿ ಅನೇಕ ಸಂಘಗಳು ಶಿಸ್ತಿನಿಂದ ವ್ಯವಹರಿಸುತ್ತಿವೆ ಎಂಬುದು ನಿಜ. ಆದರೆ ಅವುಗಳಲ್ಲಿನ ಠೇವಣಿಗೆ ಈ ನಿಗಮದ ವಿಮೆ ಒಂದು ರೂಪಾಯಿಯಷ್ಟೂ ಇಲ್ಲ. ಸಂಘವು ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿನ ಸದಸ್ಯತ್ವ ಹೊಂದಿದ್ದರೂ ಸಂಘದಲ್ಲಿ ಇಟ್ಟ ಹಣಕ್ಕೆ ಬ್ಯಾಂಕಿನ ವಿಮೆ ವಿಸ್ತರಿಸುವುದಿಲ್ಲ. ರಿಸರ್ವ್ ಬ್ಯಾಂಕಿನ ಪರವಾನಗಿ ಇಲ್ಲದ ಸಹಕಾರ ಸಂಘಗಳು ತಮ್ಮ ಹೆಸರಿನಲ್ಲಿ "ಬ್ಯಾಂಕ್" ಎಂಬ ಪದ ಬಳಸುವಂತಿಲ್ಲವೆಂದು 2020ರ ತಿದ್ದುಪಡಿ ಕಾನೂನು ಹೇಳಿದೆ. 2021ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಸಾರ್ವಜನಿಕರಿಗೆ ಈ ಬಗ್ಗೆ ಎಚ್ಚರಿಕೆಯನ್ನೂ ನೀಡಿದೆ.

ಅಂಚೆ ಕಚೇರಿಯ ಉಳಿತಾಯ ಖಾತೆ ಮತ್ತು ಸುಕನ್ಯಾ ಸಮೃದ್ಧಿಯಂತಹ ಯೋಜನೆಗಳು ಈ ವಿಮೆಯಡಿ ಬರುವುದಿಲ್ಲ. ಅವು ಕೇಂದ್ರ ಸರ್ಕಾರದ ಉಳಿತಾಯ ಯೋಜನೆಗಳು, ಅವುಗಳ ಹೊಣೆ ನೇರವಾಗಿ ಸರ್ಕಾರದ್ದು.

ಸಂಶಯವಿದ್ದಲ್ಲಿ ಎರಡು ದಾರಿಗಳಿವೆ. ವಿಮೆಗೊಳಪಟ್ಟ ಬ್ಯಾಂಕುಗಳ ಪಟ್ಟಿ ನಿಗಮದ ಜಾಲತಾಣದಲ್ಲಿದೆ. ಅದನ್ನು ಪಂಚಾಯಿತಿ ಕಚೇರಿಯ ಕಂಪ್ಯೂಟರಿನಲ್ಲಿಯೇ ನೋಡಬಹುದು. ಇಲ್ಲವೇ ಶಾಖೆಯ ವ್ಯವಸ್ಥಾಪಕರನ್ನು ನೇರವಾಗಿ ಕೇಳಬಹುದು. ವಿಮೆಗೊಳಪಟ್ಟ ಬ್ಯಾಂಕ್ ಈ ಮಾಹಿತಿ ನೀಡಲು ಹಿಂಜರಿಯುವುದಿಲ್ಲ.

3. ಮೂಲ ನಿಯಮ: ಬ್ಯಾಂಕ್, ನೆಲೆ, ಹಕ್ಕು

ನಿಯಮವನ್ನು ಒಂದೇ ವಾಕ್ಯದಲ್ಲಿ ಹೇಳಬಹುದು: ಒಂದೇ ಬ್ಯಾಂಕಿನಲ್ಲಿ, ಒಂದೇ ನೆಲೆಯಲ್ಲಿ ಮತ್ತು ಒಂದೇ ಹಕ್ಕಿನಿಂದ ಇಟ್ಟಿರುವ ಎಲ್ಲ ಠೇವಣಿಗಳನ್ನೂ ಕೂಡಿಸಿ, ಆ ಮೊತ್ತಕ್ಕೆ 5 ಲಕ್ಷದ ಮಿತಿ ಅನ್ವಯಿಸಲಾಗುತ್ತದೆ.

"ನೆಲೆ" ಎಂದರೆ ಹಣ ಇಟ್ಟವರು ಯಾರಾಗಿ ಇಟ್ಟಿದ್ದಾರೆ ಎಂಬುದು: ಸ್ವಂತಕ್ಕೋ, ಮಗುವಿನ ಪೋಷಕರಾಗಿಯೋ, ಪಾಲುದಾರರಾಗಿಯೋ, ಟ್ರಸ್ಟಿಯಾಗಿಯೋ. "ಹಕ್ಕು" ಎಂದರೆ ಆ ಹಣ ನಿಜವಾಗಿ ಯಾರದು ಎಂಬುದು. ಈ ನಿಯಮದಿಂದ ನಾಲ್ಕು ಸಂಗತಿಗಳು ಹೊರಡುತ್ತವೆ.

ಅ) ಶಾಖೆ ಬದಲಾದರೆ ರಕ್ಷಣೆ ಹೆಚ್ಚುವುದಿಲ್ಲ. ಚನ್ನರಾಯಪಟ್ಟಣ ಶಾಖೆಯಲ್ಲಿ 3 ಲಕ್ಷ, ಅದೇ ಬ್ಯಾಂಕಿನ ಹಾಸನ ಶಾಖೆಯಲ್ಲಿ 4 ಲಕ್ಷ ಇದ್ದರೆ ಒಟ್ಟು 7 ಲಕ್ಷವೆಂದೇ ಲೆಕ್ಕ. ರಕ್ಷಣೆ 5 ಲಕ್ಷಕ್ಕೆ.

ಆ) ಖಾತೆಯ ಬಗೆ ಬದಲಾದರೂ ರಕ್ಷಣೆ ಹೆಚ್ಚುವುದಿಲ್ಲ. ಉಳಿತಾಯ ಖಾತೆ, ಚಾಲ್ತಿ ಖಾತೆ, ನಿಶ್ಚಿತ ಠೇವಣಿ, ಆವರ್ತ ಠೇವಣಿ ಎಲ್ಲವನ್ನೂ ಕೂಡಿಸಲಾಗುತ್ತದೆ. ಹತ್ತು ನಿಶ್ಚಿತ ಠೇವಣಿ ರಸೀದಿಗಳಿದ್ದರೂ ಒಡೆಯ ಒಬ್ಬನೇ ಆದರೆ ಮಿತಿಯೂ ಒಂದೇ.

ಇ) ಬ್ಯಾಂಕ್ ಬೇರೆಯಾದರೆ ರಕ್ಷಣೆಯೂ ಬೇರೆ. ಎರಡು ಬೇರೆ ಬೇರೆ ಬ್ಯಾಂಕುಗಳಲ್ಲಿ ಐದೈದು ಲಕ್ಷ ಇದ್ದರೆ ಎರಡಕ್ಕೂ ಪ್ರತ್ಯೇಕ ರಕ್ಷಣೆ ಇದೆ.

ಈ) ಒಂದೇ ಬ್ಯಾಂಕಿನಲ್ಲಾದರೂ ನೆಲೆ ಅಥವಾ ಹಕ್ಕು ಬೇರೆಯಾದರೆ ರಕ್ಷಣೆ ಬೇರೆ.

ಇಲ್ಲಿ ವಿಲೀನದ ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾಯಿತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಂದಿಗೆ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನೊಂದಿಗೆ, ಅದೇ ವರ್ಷ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಂದಿಗೆ ಸೇರಿದವು. ನಮ್ಮ ಭಾಗದ ಕಾವೇರಿ ಗ್ರಾಮೀಣ ಬ್ಯಾಂಕ್ 2019ರಲ್ಲಿ ಪ್ರಗತಿ ಕೃಷ್ಣಾ ಗ್ರಾಮೀಣ ಬ್ಯಾಂಕಿನೊಡನೆ ಕೂಡಿತು. ಹಿಂದೆ ಎರಡು ಬ್ಯಾಂಕುಗಳಲ್ಲಿ ಹಂಚಿಟ್ಟಿದ್ದೇವೆ ಎಂದು ನೆಮ್ಮದಿಯಿಂದ ಇರುವವರ ಹಣ ಈಗ ಒಂದೇ ಬ್ಯಾಂಕಿನಲ್ಲಿರಬಹುದು. ಹಳೆಯ ಪಾಸ್‌ಪುಸ್ತಕಗಳನ್ನು ತೆಗೆದು ನೋಡುವುದು ಒಳಿತು.

4. ಒಡೆತನದ ಬಗೆಗಳು

ಒಬ್ಬರೇ ಒಡೆಯರಾದ ಖಾತೆ: ಆ ವ್ಯಕ್ತಿಯ ಹೆಸರಿನ ಎಲ್ಲ ಖಾತೆಗಳನ್ನೂ ಕೂಡಿಸಲಾಗುತ್ತದೆ. ಒಬ್ಬರೇ ಮಾಲೀಕರಾಗಿ ನಡೆಸುವ ಕಿರಾಣಿ ಅಂಗಡಿ ಅಥವಾ ಗೊಬ್ಬರದ ಅಂಗಡಿಯ ಖಾತೆಯೂ ಇದರೊಳಗೇ ಸೇರುತ್ತದೆ. ಅಂಗಡಿಗೆ ಬೇರೆ ಹೆಸರಿದ್ದರೂ ಕಾನೂನಿನ ದೃಷ್ಟಿಯಲ್ಲಿ ಅಂಗಡಿ ಬೇರೆ, ಮಾಲೀಕ ಬೇರೆ ಅಲ್ಲ.

ಪಾಲುದಾರಿಕೆ ಸಂಸ್ಥೆಯ ಖಾತೆ: ಪಾಲುದಾರರ ಸ್ವಂತ ಠೇವಣಿಗಿಂತ ಪ್ರತ್ಯೇಕ. ಸಂಸ್ಥೆಗೆ 5 ಲಕ್ಷದ ಒಂದು ಮಿತಿ, ಪಾಲುದಾರನ ಸ್ವಂತ ಹಣಕ್ಕೆ ಮತ್ತೊಂದು ಮಿತಿ.

ಜಂಟಿ ಖಾತೆ: ಸದಸ್ಯರು ಹೆಚ್ಚು ಎಚ್ಚರ ವಹಿಸಬೇಕಾದದ್ದು ಇಲ್ಲಿ. ಜಂಟಿ ಖಾತೆ ಒಂದು ಪ್ರತ್ಯೇಕ ಘಟಕ. ಅದರಲ್ಲಿ ಎಷ್ಟು ಮಂದಿ ಇದ್ದರೂ ಒಟ್ಟು ರಕ್ಷಣೆ 5 ಲಕ್ಷ. ಅವೇ ವ್ಯಕ್ತಿಗಳು, ಅದೇ ಅನುಕ್ರಮದ ಹೆಸರುಗಳಲ್ಲಿ ಒಂದಕ್ಕಿಂತ ಹೆಚ್ಚು ಜಂಟಿ ಖಾತೆ ತೆರೆದಿದ್ದರೆ ಅವೆಲ್ಲವನ್ನೂ ಕೂಡಿಸಲಾಗುತ್ತದೆ. ಹೆಸರಿನ ಅನುಕ್ರಮ ಬೇರೆಯಾದರೆ (ಒಂದರಲ್ಲಿ ಪತಿ–ಪತ್ನಿ, ಇನ್ನೊಂದರಲ್ಲಿ ಪತ್ನಿ–ಪತಿ) ಅಥವಾ ವ್ಯಕ್ತಿಗಳ ಗುಂಪು ಬೇರೆಯಾದರೆ (ಒಂದರಲ್ಲಿ ತಂದೆ–ತಾಯಿ, ಇನ್ನೊಂದರಲ್ಲಿ ತಂದೆ–ಮಗ) ಪ್ರತಿಯೊಂದಕ್ಕೂ ಪ್ರತ್ಯೇಕ ರಕ್ಷಣೆ ಇದೆ. "ಇಬ್ಬರಲ್ಲಿ ಯಾರಾದರೂ ಅಥವಾ ಬದುಕುಳಿದವರು" ಎಂಬ ಸೂಚನೆ ಖಾತೆಯ ನಿರ್ವಹಣೆಗೆ ಸಂಬಂಧಿಸಿದ್ದು. ಅದರಿಂದ ವಿಮೆಯ ಮೊತ್ತ ಏರುವುದೂ ಇಲ್ಲ, ಇಳಿಯುವುದೂ ಇಲ್ಲ.

ಅಪ್ರಾಪ್ತರ ಖಾತೆ: ತಂದೆ ಅಥವಾ ತಾಯಿ ಪೋಷಕರಾಗಿ ಮಗುವಿನ ಹೆಸರಿನಲ್ಲಿ ಇಟ್ಟ ಹಣವನ್ನು ಪೋಷಕರ ಸ್ವಂತ ಹಣದೊಂದಿಗೆ ಕೂಡಿಸುವುದಿಲ್ಲ.

ಟ್ರಸ್ಟಿನ ಖಾತೆ: ದೇವಸ್ಥಾನದ ಅಥವಾ ಶಾಲೆಯ ಟ್ರಸ್ಟಿನ ಹಣ ಟ್ರಸ್ಟಿಯ ಸ್ವಂತ ಹಣವಲ್ಲ. ಆದ್ದರಿಂದ ಅದಕ್ಕೆ ಪ್ರತ್ಯೇಕ ಮಿತಿ. ಆದರೆ ಜಾತ್ರೆಗೆಂದು ಊರಿನವರು ಕೂಡಿಸಿದ ಹಣವನ್ನು ಸಮಿತಿಯ ಹೆಸರಿನಲ್ಲಿ ಖಾತೆ ತೆರೆಯದೆ ಒಬ್ಬರ ಸ್ವಂತ ಖಾತೆಯಲ್ಲಿ ಇಟ್ಟರೆ, ದಾಖಲೆಯಲ್ಲಿ ಅದು ಆ ವ್ಯಕ್ತಿಯ ಹಣವಾಗಿಯೇ ಕಾಣುತ್ತದೆ.

ಸ್ವಸಹಾಯ ಸಂಘದ ಖಾತೆ: ಸಂಘದ ಹೆಸರಿನ ಖಾತೆಗೆ ಸಂಘವೇ ಠೇವಣಿದಾರ. ಸದಸ್ಯೆಯರ ಸ್ವಂತ ಖಾತೆಗಳೊಂದಿಗೆ ಅದನ್ನು ಕೂಡಿಸುವುದಿಲ್ಲ. ಹಾಗೆಯೇ ಸದಸ್ಯೆಯರ ಸಂಖ್ಯೆಯಿಂದ 5 ಲಕ್ಷವನ್ನು ಗುಣಿಸುವುದೂ ಇಲ್ಲ. ಹದಿನೈದು ಮಂದಿಯ ಸಂಘದ ಖಾತೆಯಲ್ಲಿ 9 ಲಕ್ಷ ಸೇರಿದ್ದರೆ 4 ಲಕ್ಷ ರಕ್ಷಣೆಯ ಹೊರಗಿದೆ. ಹೆಚ್ಚು ಮೊತ್ತ ಕೈಗೆ ಬರುವ ಒಕ್ಕೂಟಗಳು ಇದನ್ನು ತಿಳಿದಿರಬೇಕು.

ಗ್ರಾಮ ಪಂಚಾಯಿತಿಯ ಖಾತೆ: ಇದಕ್ಕೆ ಸಹಿ ಮಾಡುವ ಅಧಿಕಾರ ಯಾರಿಗಿದ್ದರೂ ಅವರು ಪದನಿಮಿತ್ತ ಸಹಿ ಮಾಡುವವರು, ಒಡೆಯರಲ್ಲ. ಅವರ ಸ್ವಂತ ಠೇವಣಿಯ ಲೆಕ್ಕಕ್ಕೂ ಪಂಚಾಯಿತಿಯ ಹಣಕ್ಕೂ ಸಂಬಂಧವಿಲ್ಲ. ಸಹಿಯ ಅಧಿಕಾರ ಬೇರೆ, ಹಣದ ಒಡೆತನ ಬೇರೆ ಎಂಬ ತತ್ವ ಎಲ್ಲ ಸಂಸ್ಥೆಗಳ ಖಾತೆಗೂ ಅನ್ವಯಿಸುತ್ತದೆ.

ನಾಮಿನಿ: ನಾಮಿನಿ ಖಾತೆಯ ಒಡೆಯರಲ್ಲ, ಒಡೆಯರು ತೀರಿಕೊಂಡಾಗ ಹಣ ಪಡೆಯಲು ಸೂಚಿಸಲ್ಪಟ್ಟವರು. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಸೂಚಿಸಲು ಅವಕಾಶವಿದೆ. ನಾಲ್ವರಿದ್ದಾರೆಂದು ರಕ್ಷಣೆ ನಾಲ್ಕು ಪಟ್ಟಾಗುವುದಿಲ್ಲ. ನಾಮಿನಿ ಸೂಚಿಸುವುದು ಅತ್ಯಗತ್ಯ. ಆದರೆ ಅದರ ಪ್ರಯೋಜನ ಬೇರೆ.

5. ಒಂದು ಕುಟುಂಬದ ಲೆಕ್ಕ

ಒಂದೇ ಬ್ಯಾಂಕಿನಲ್ಲಿ ಒಂದು ಕುಟುಂಬದ ಠೇವಣಿ, ಬಡ್ಡಿಯೂ ಸೇರಿ, ಹೀಗಿದೆ ಎಂದುಕೊಳ್ಳೋಣ:

• ತಂದೆಯ ಉಳಿತಾಯ ಖಾತೆ: 1,20,000
• ತಂದೆಯ ನಿಶ್ಚಿತ ಠೇವಣಿ (ಬೇರೆ ಶಾಖೆಯಲ್ಲಿ): 4,50,000
• ತಂದೆಯ ಗೊಬ್ಬರದ ಅಂಗಡಿಯ ಚಾಲ್ತಿ ಖಾತೆ: 80,000
• ತಾಯಿಯ ಸ್ವಂತ ಖಾತೆ: 2,00,000
• ತಂದೆ–ತಾಯಿ ಜಂಟಿ ಖಾತೆ: 4,00,000
• ತಂದೆ ಪೋಷಕರಾಗಿ ಮಗಳ ಹೆಸರಿನಲ್ಲಿ ಇಟ್ಟದ್ದು: 1,00,000

ಒಟ್ಟು 13,50,000 ರೂಪಾಯಿ. ಮೊದಲ ಮೂರು ಖಾತೆಗಳ ನೆಲೆಯೂ ಹಕ್ಕೂ ಒಂದೇ. ಅವುಗಳ ಮೊತ್ತ 6,50,000. ಇದರಲ್ಲಿ 5 ಲಕ್ಷಕ್ಕೆ ರಕ್ಷಣೆ ಇದ್ದು, 1,50,000 ಹೊರಗುಳಿಯುತ್ತದೆ. ಉಳಿದ ಮೂರು ಖಾತೆಗಳು ಒಂದಕ್ಕೊಂದು ಪ್ರತ್ಯೇಕವಾದ್ದರಿಂದ ಪೂರ್ಣ ರಕ್ಷಣೆ ಪಡೆಯುತ್ತವೆ. ಹೀಗೆ ಒಟ್ಟು ರಕ್ಷಣೆ 12,00,000 ರೂಪಾಯಿ.

ಹೊರಗುಳಿದ ಹಣವನ್ನು ಇನ್ನೊಂದು ವಿಮೆಗೊಳಪಟ್ಟ ಬ್ಯಾಂಕಿನಲ್ಲಿ ತಂದೆಯ ಹೆಸರಿನಲ್ಲಿಯೇ ಇಡುವುದು ನೇರವಾದ ಪರಿಹಾರ. ವಿಮೆಯ ಆಸೆಗೆ ಮನಬಂದಂತೆ ಹೆಸರು ಬದಲಿಸುವುದು ಸರಿಯಲ್ಲ. ಹೆಸರು ಬದಲಾದರೆ ಹಣದ ಹಕ್ಕೂ ಬದಲಾಗುತ್ತದೆ; ಬಡ್ಡಿಯ ತೆರಿಗೆ ಲೆಕ್ಕ, ಮುಂದೆ ಹೆಣ್ಣುಮಕ್ಕಳೂ ಸೇರಿದಂತೆ ವಾರಸುದಾರರ ಪಾಲಿನ ಪ್ರಶ್ನೆ ಎಲ್ಲವೂ ಅದರ ಹಿಂದೆಯೇ ಬರುತ್ತವೆ. ಮೊದಲು ಹಣ ಯಾರದೆಂದು ಮನೆಯಲ್ಲಿ ತೀರ್ಮಾನವಾಗಲಿ. ಖಾತೆ ಆ ತೀರ್ಮಾನವನ್ನು ಅನುಸರಿಸಲಿ.

ಸಾಲವಿದ್ದರೆ: ಠೇವಣಿದಾರರು ಅದೇ ಬ್ಯಾಂಕಿಗೆ ಅದೇ ನೆಲೆಯಲ್ಲಿ ಸಾಲ ಕೊಡಬೇಕಿದ್ದರೆ, ಬ್ಯಾಂಕಿಗೆ ಹೊಂದಾಣಿಕೆಯ ಹಕ್ಕಿರುವ ಮೊತ್ತವನ್ನು ಮೊದಲು ಕಳೆದು, ಉಳಿದದ್ದಕ್ಕೆ ಮಿತಿ ಅನ್ವಯಿಸಲಾಗುತ್ತದೆ. ಠೇವಣಿ 6 ಲಕ್ಷ, ಸಾಲ 2 ಲಕ್ಷ ಇದ್ದರೆ ಕೈಗೆ ಬರುವುದು 4 ಲಕ್ಷ, ಸಾಲವೂ ತೀರುತ್ತದೆ.

6. ಹಣ ಯಾವಾಗ ಬರುತ್ತದೆ?

ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಪ್ರಕರಣ ಈ ಪ್ರಶ್ನೆಗೆ ಉತ್ತರ ಹೇಳುತ್ತದೆ. 2020ರ ಜನವರಿ 10ರಿಂದ ರಿಸರ್ವ್ ಬ್ಯಾಂಕ್ ಅದರ ವ್ಯವಹಾರದ ಮೇಲೆ ನಿರ್ಬಂಧ ವಿಧಿಸಿತು. ಲಕ್ಷಾಂತರ ರೂಪಾಯಿ ಇಟ್ಟವರಿಗೂ ಆರಂಭದಲ್ಲಿ ಹಿಂಪಡೆಯಲು ಅವಕಾಶವಿದ್ದದ್ದು 35,000 ರೂಪಾಯಿ ಮಾತ್ರ. ಆ ದಿನ ವಿಮೆಯ ಮಿತಿ 1 ಲಕ್ಷವಿತ್ತು. ನಾಲ್ಕು ವಾರಗಳೊಳಗೆ ಅದು 5 ಲಕ್ಷಕ್ಕೆ ಏರಿತು. ಆದರೂ ಹಣ ಕೈಸೇರಲಿಲ್ಲ. ಏಕೆಂದರೆ ಆಗಿನ ಕಾನೂನಿನಂತೆ ಬ್ಯಾಂಕ್ ಸಮಾಪನೆಗೊಂಡ ಬಳಿಕ, ಇಲ್ಲವೇ ವಿಲೀನ ಅಥವಾ ಪುನರ್‌ರಚನೆಯ ಯೋಜನೆ ಜಾರಿಯಾದಾಗ ಮಾತ್ರ ವಿಮಾ ಹಣ ನೀಡಬೇಕಿತ್ತು. ಬ್ಯಾಂಕ್ ಮುಚ್ಚಿಯೂ ಇಲ್ಲ, ತೆರೆದೂ ಇಲ್ಲ ಎಂಬ ಸ್ಥಿತಿಯಲ್ಲಿ ಠೇವಣಿದಾರರು ಕಾಯಬೇಕಾಯಿತು.

2021ರಲ್ಲಿ ಕಾನೂನಿಗೆ ತಿದ್ದುಪಡಿಯಾಗಿ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿತು. ಈಗ ರಿಸರ್ವ್ ಬ್ಯಾಂಕ್ ಹಣ ಹಿಂಪಡೆಯುವುದನ್ನು ತಡೆಯುವ ನಿರ್ಬಂಧ ವಿಧಿಸಿದ ದಿನದಿಂದ 90 ದಿನಗಳೊಳಗೆ ವಿಮಾ ಹಣ ನೀಡಬೇಕು: 45 ದಿನಗಳೊಳಗೆ ಬ್ಯಾಂಕ್ ಠೇವಣಿದಾರರ ಪಟ್ಟಿ ಸಲ್ಲಿಸಬೇಕು, ನಂತರದ 30 ದಿನಗಳಲ್ಲಿ ನಿಗಮ ಪರಿಶೀಲಿಸಬೇಕು, ಅನಂತರದ 15 ದಿನಗಳಲ್ಲಿ ಪಾವತಿಸಬೇಕು. ಬ್ಯಾಂಕನ್ನು ಇನ್ನೊಂದರೊಡನೆ ವಿಲೀನಗೊಳಿಸುವ ಯೋಜನೆ ಇದ್ದಲ್ಲಿ ಇನ್ನೂ 90 ದಿನ ವಿಸ್ತರಿಸಬಹುದು. ಗುರು ರಾಘವೇಂದ್ರ ಬ್ಯಾಂಕಿನ ಠೇವಣಿದಾರರಿಗೂ ಈ ತಿದ್ದುಪಡಿಯ ಪ್ರಯೋಜನ ದೊರೆಯಿತು. ಮುಧೋಳದ ಮುಧೋಳ ಸಹಕಾರಿ ಬ್ಯಾಂಕ್ ಮತ್ತು ವಿಜಯಪುರದ ಡೆಕ್ಕನ್ ಅರ್ಬನ್ ಸಹಕಾರಿ ಬ್ಯಾಂಕುಗಳ ಪರವಾನಗಿ 2022ರಲ್ಲಿ ರದ್ದಾದವು. ಇಂತಹ ಘಟನೆ ದೂರದ ಊರಿನ ಸುದ್ದಿಯಷ್ಟೇ ಅಲ್ಲ ಎಂಬುದಕ್ಕೆ ಇವು ಸಾಕ್ಷಿ.

ಐದು ಲಕ್ಷ ಮೀರಿದ ಹಣದ ಮೇಲಿನ ಹಕ್ಕು ನಾಶವಾಗುವುದಿಲ್ಲ. ಬ್ಯಾಂಕ್ ಸಮಾಪನೆಗೊಂಡಲ್ಲಿ ಅದರ ಆಸ್ತಿ, ಸಾಲ ವಸೂಲಾತಿಯಿಂದ ಬಂದದ್ದರಲ್ಲಿ ಪಾಲು ಕೇಳಬಹುದು. ಆದರೆ ಎಷ್ಟು, ಯಾವಾಗ ಎಂಬುದಕ್ಕೆ ಖಾತರಿ ಇಲ್ಲ. ಮಗಳ ಮದುವೆಗೆ, ಮನೆ ಕಟ್ಟಲು ಇಟ್ಟ ಹಣಕ್ಕೆ ಈ ಅನಿಶ್ಚಿತತೆ ದೊಡ್ಡ ಹೊರೆ.

ವಿಮಾ ಹಣ ಪಡೆಯಲು ಠೇವಣಿದಾರರು ಒಪ್ಪಿಗೆ ಪತ್ರ, ಗುರುತಿನ ದಾಖಲೆ ಮತ್ತು ಬೇರೊಂದು ಖಾತೆಯ ವಿವರ ನೀಡಬೇಕಾಗುತ್ತದೆ. ಪಾಸ್‌ಪುಸ್ತಕದಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಹೆಸರು ಇದ್ದರೆ, ಇನಿಷಿಯಲ್ ಬೇರೆಯಾಗಿದ್ದರೆ, ಅದನ್ನು ಸರಿಪಡಿಸಲು ಕಷ್ಟಕಾಲದವರೆಗೆ ಕಾಯಬಾರದು.

7. ಸದಸ್ಯರು ಮಾಡಬಹುದಾದದ್ದು

ಗ್ರಾಮಸಭೆ, ವಾರ್ಡ್ ಸಭೆ ಹಾಗೂ ಸ್ವಸಹಾಯ ಸಂಘಗಳ ಸಭೆಗಳಲ್ಲಿ ಕೆಳಗಿನ ಅಂಶಗಳನ್ನು ತಿಳಿಸಬೇಕೆಂದು ಕೋರಲಾಗಿದೆ.

1) ಹಣ ಇಡುವ ಸಂಸ್ಥೆ ವಿಮೆಗೊಳಪಟ್ಟ ಬ್ಯಾಂಕ್ ಹೌದೇ ಎಂದು ಮೊದಲು ಖಚಿತಪಡಿಸಿಕೊಳ್ಳುವುದು. ಬಡ್ಡಿ ಎಷ್ಟೆಂಬುದು ಎರಡನೆಯ ಪ್ರಶ್ನೆ.

2) ಒಂದೇ ಬ್ಯಾಂಕಿನ ಎಲ್ಲ ಶಾಖೆಗಳ, ಎಲ್ಲ ಬಗೆಯ ಠೇವಣಿಗಳನ್ನೂ ಒಡೆತನದ ಪ್ರಕಾರ ಒಂದು ಹಾಳೆಯಲ್ಲಿ ಬರೆದು ಕೂಡಿಸುವುದು. ವಿಲೀನಗೊಂಡ ಬ್ಯಾಂಕುಗಳನ್ನು ಒಂದೇ ಎಂದು ಎಣಿಸುವುದು.

3) ಪರಿಹಾರದ ದೊಡ್ಡ ಮೊತ್ತ ಬಂದ ಕುಟುಂಬಗಳು ಜಂಟಿ ಖಾತೆಯಲ್ಲಿ ಉಳಿಸಿಕೊಳ್ಳುವ ಮುನ್ನ ಪಾಲುದಾರರೆಲ್ಲರ ಒಪ್ಪಿಗೆಯಿಂದ ಅವರವರ ಪಾಲನ್ನು ಅವರವರ ಖಾತೆಗೆ ಪಡೆಯುವ ಬಗ್ಗೆ ಯೋಚಿಸುವುದು.

4) ಸಂಘ, ಸಮಿತಿ, ಟ್ರಸ್ಟಿನ ಹಣವನ್ನು ಯಾವ ಕಾರಣಕ್ಕೂ ವ್ಯಕ್ತಿಯ ಸ್ವಂತ ಖಾತೆಯಲ್ಲಿ ಇಡದಿರುವುದು.

5) ಎಲ್ಲ ಖಾತೆಗಳಿಗೂ ನಾಮಿನಿ ಸೂಚಿಸಿ, ಹೆಸರು ಮತ್ತು ವಿಳಾಸ ಆಧಾರ್‌ಗೆ ಹೊಂದುವಂತೆ ನೋಡಿಕೊಳ್ಳುವುದು.

ಬ್ಯಾಂಕುಗಳ ಬಗ್ಗೆ ಭಯ ಹುಟ್ಟಿಸುವುದು ಈ ಲೇಖನದ ಆಶಯವಲ್ಲ. ವದಂತಿಯನ್ನು ನಂಬಿ ಅವಧಿಗೆ ಮೊದಲೇ ಠೇವಣಿ ಮುರಿಸುವುದೂ ನಷ್ಟವೇ. ಕಾನೂನು ಕೊಟ್ಟಿರುವ ರಕ್ಷಣೆಯನ್ನು ಪೂರ್ಣವಾಗಿ ಪಡೆಯಲು ಹೊಸ ಅರ್ಜಿಯೂ ಬೇಡ, ಶುಲ್ಕವೂ ಬೇಡ. ಖಾತೆ ತೆರೆಯುವ ದಿನ ಹೆಸರಿನ ಬಗ್ಗೆ ತೋರುವ ಎಚ್ಚರವೊಂದು ಸಾಕು. ತಮ್ಮ ವಾರ್ಡಿನಲ್ಲಿ ಈ ಸಾಲಿನಲ್ಲಿ ಪರಿಹಾರದ ಹಣ ಪಡೆಯಲಿರುವ ಕುಟುಂಬಗಳಿಗೆ, ಹಣ ಜಮೆಯಾಗುವ ಮೊದಲೇ, ಈ ವಿಷಯ ತಲುಪಿಸಬೇಕೆಂದು ವಿನಂತಿ.

— ಪಂಚಾಯಿತಿ ಅಭಿವೃದ್ಧಿ ಅಧಿಕಾರಿ